ಎರಡು ಹೆಸರಿನ ದ್ವೀಪ

ಮಲ್ಪೆಯ ಕಡಲತೀರದಲ್ಲಿ ನಿಂತು ಪಶ್ಚಿಮಕ್ಕೆ ದೃಷ್ಟಿ ಹಾಯಿಸಿದರೆ ತೆಂಗಿನ ಮರಗಳ ದ್ವೀಪವೊಂದು ಕಾಣುತ್ತದೆ. ಅದು ಸೈಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೊ ಡ ಗಾಮಾ ಇಲ್ಲಿಗೆ ಬಂದು ಮರಿಯ ಮಾತೆಯ ಹೆಸರಿಟ್ಟನೆಂಬುದು ಪ್ರತೀತಿ. ಮೊದಲ ಸಲ ದೋಣಿಯೇರಿದಾಗ ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಪಕ್ಕದಲ್ಲಿ ಕುಳಿತಿದ್ದ ವೃದ್ಧ ಮೀನುಗಾರರು, "ನಮಗಿದು ತೋನ್ಸೆಪಾರ್" ಎಂದಷ್ಟೇ ನುಡಿದರು.

ದ್ವೀಪದಲ್ಲಿ ಐದು, ಆರು, ಏಳು ಮುಖಗಳ ಶಿಲಾಸ್ತಂಭಗಳು ಒತ್ತೊತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿದು, ಕುಗ್ಗಿ, ಬಿರುಕುಬಿಟ್ಟು ಈ ರೂಪ ತಾಳಿತು. ಈ ಕಲ್ಲುಗಳ ಮುಂದೆ ನಮ್ಮ ಎರಡೂ ಹೆಸರುಗಳು ನಿನ್ನೆ ಮೊನ್ನೆಯವು!

ಎರಡು ಕಂಬಗಳ ನಡುವೆ ಪ್ಲಾಸ್ಟಿಕ್ ಬಾಟಲಿಯೊಂದು ಸಿಕ್ಕಿಕೊಂಡಿತ್ತು. ಯಾರೋ ಎಸೆದದ್ದೆಂದು ನಾನು ಮುಂದೆ ನಡೆದೆ. ಆ ವೃದ್ಧರು ಬಾಗಿ ಅದನ್ನು ಎತ್ತಿಕೊಂಡರು. ಮರಳುವಾಗ ದೋಣಿಯಲ್ಲಿ ಅದು ಅವರ ಕಾಲ ಬಳಿಯೇ ಇತ್ತು. ಅವರು ನನಗೆ ಒಂದು ಮಾತನ್ನೂ ಆಡಲಿಲ್ಲ. ನನ್ನ ಹೆಮ್ಮೆ ಅಲ್ಲಿಯೇ ಕರಗಿತು. ಪವಿತ್ರ ಹೆಸರೆಂದು ಸಂಭ್ರಮಿಸಿದವನು ನಾನು. ಆ ನೆಲವನ್ನು ಪವಿತ್ರವಾಗಿ ಕಂಡವರು ಅವರು.

ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ಅಲ್ಲಿಗೆ ಹೋಗುವುದಿಲ್ಲ. ಆಗ ದ್ವೀಪವು ಕಡಲಿಗೂ ಗಾಳಿಗೂ ಸೇರಿದ್ದು. ಉಳಿದ ದಿನಗಳಲ್ಲಿ ನಾವು ಅತಿಥಿಗಳು. ನೀವು ಎಂದಾದರೂ ಅಲ್ಲಿಗೆ ಹೋದರೆ, ಯಾವ ಹೆಸರಿನಿಂದ ಬೇಕಾದರೂ ಅದನ್ನು ಕರೆಯಿರಿ. ಆದರೆ ಮರಳುವಾಗ ನಿಮ್ಮ ಕಸವನ್ನೂ, ಸಾಧ್ಯವಾದರೆ ಇನ್ನೊಬ್ಬರದನ್ನೂ ಹೊತ್ತು ತನ್ನಿರಿ.