ಮೈನಸ್ ಮೂವತ್ತರ ಡೈರಿ – 7: ಕೆಂಪು ದಾರ

ಜಿಮ್‌ಗೆ ಹೋಗೋರು ಸ್ವಲ್ಪ ನೆನಪು ಮಾಡ್ಕೊಳ್ಳಿ. ಟ್ರೆಡ್‌ಮಿಲ್ ಮುಂದೆ ಒಂದು ಕೆಂಪು ದಾರ, ಅದರ ತುದಿಗೊಂದು ಕ್ಲಿಪ್ ನೇತಾಡ್ತಿರುತ್ತೆ. ನಿಮ್ಮಲ್ಲಿ ಎಷ್ಟು ಜನ ಅದನ್ನ ಟೀ ಶರ್ಟಿಗೆ ಸಿಕ್ಕಿಸಿಕೊಂಡು ಓಡಿದ್ದೀರಿ? ನಿಜ ಹೇಳಿ!

ಜೆಟ್ ಸ್ಕೀ ಹತ್ತಿದವರಿಗೆ ಕೈಗೆ ಕಟ್ಟುವ ಸುರುಳಿ ದಾರವೂ ಗೊತ್ತಿರುತ್ತೆ. ಇವತ್ತಿನ ಫೋಟೋಗಳಲ್ಲಿ ಇರೋದು ಅದೇ ಜಾತಿಯ ಸಾಮಾನು. ಹೆಸರು ಟೆದರ್ ಕಿಲ್ ಸ್ವಿಚ್. ಕೆಲಸ ಒಂದೇ: ಸವಾರ ಬಿದ್ದರೆ ಎಂಜಿನ್ ನಿಲ್ಲಬೇಕು.

ಹೊಸಬರಿಗೆ: ನಾನು ಕೆನಡಾದ ವಿನ್ನಿಪೆಗ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಬಿಕಾಂ ಓದ್ತಿದ್ದೀನಿ. ಚಿಕ್ಕಪ್ಪನಿಗೆ ಮೀನಿನ ಹುಚ್ಚು. ಚಳಿಗಾಲದಲ್ಲಿ ಲೇಕ್ ವಿನ್ನಿಪೆಗ್ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕ್ತಾರೆ. ಸುಮಾರು 24,500 ಚದರ ಕಿಲೋಮೀಟರ್‌ನ ಸರೋವರ ಅದು, ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಅದರ ಮೇಲೆ ಓಡಾಡೋಕೆ ಒಂದು ಹಳೇ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ತಗೊಂಡಿದ್ದಾರೆ. ಟೂ ಸ್ಟ್ರೋಕ್. ಸ್ಟಾರ್ಟ್ ಮಾಡಿದ್ರೆ ಆರ್‌ಎಕ್ಸ್ 100 ಪ್ರೇಮಿಗಳ ಕಣ್ಣಲ್ಲಿ ನೀರು ಬರುತ್ತೆ. ಆದರೆ ಟೆದರ್ ಇರಲಿಲ್ಲ.

ಟೆದರ್ ಯಾಕೆ ಬೇಕು? ಸ್ನೋಮೊಬೈಲ್‌ನ ಆಕ್ಸಿಲರೇಟರ್ ಬಲಗೈ ಹೆಬ್ಬೆರಳಿನ ಹತ್ತಿರ ಇರೋ ಒಂದು ಲಿವರ್. ಬೆರಳು ತೆಗೆದರೆ ಸ್ಪ್ರಿಂಗ್ ಅದನ್ನ ವಾಪಸ್ ತಳ್ಳುತ್ತೆ, ಗಾಡಿ ನಿಧಾನವಾಗಿ ನಿಲ್ಲುತ್ತೆ. ಲೆಕ್ಕ ಸರಿಯಾಗೇ ಇದೆ. ಆದರೆ ಕೇಬಲ್ ಒಳಗೆ ನೀರು ಹೋಗಿ ಹೆಪ್ಪುಗಟ್ಟಿದರೆ? ಲಿವರ್ ತಗ್ಗಿದಲ್ಲೇ ಕಚ್ಚಿಕೊಳ್ಳುತ್ತೆ. ಇನ್ನೂರು ಕೇಜಿ ದಾಟುವ ಗಾಡಿ ಸವಾರ ಇಲ್ಲದೇ ಓಡುತ್ತೆ. ಅದು ಯಾರಿಗಾದರೂ ಗುದ್ದಬಹುದು. ಯಾರಿಗೂ ಗುದ್ದದೇ ದೂರ ಹೋಗಿಬಿಟ್ಟರೂ ಕಷ್ಟವೇ. ಆ ಚಳಿಯಲ್ಲಿ, ಕಾಲು ಉಳುಕಿಸಿಕೊಂಡು, ದಡದಿಂದ ಕಿಲೋಮೀಟರ್‌ಗಟ್ಟಲೆ ದೂರದಲ್ಲಿ ಒಬ್ಬರೇ. ಚಿಕ್ಕಪ್ಪ ಹೋಗೋದು ಹೆಚ್ಚಾಗಿ ಒಬ್ಬರೇ.

ಅದಕ್ಕೇ ಕೂಡಿಸಿದ್ವಿ. ಎರಡನೇ ಫೋಟೋ ನೋಡಿ: ಒಂದು ಸ್ವಿಚ್, ಅದರ ಮೇಲೊಂದು ಕ್ಯಾಪ್, ಕ್ಯಾಪಿನಿಂದ ಹೊರಟ ದಾರ, ತುದಿಯಲ್ಲಿ ಕ್ಲಿಪ್. ಕ್ಯಾಪ್ ಕಿತ್ತು ಬಂದರೆ ಎಂಜಿನ್ ಆಫ್.

ಅಸಲಿ ವಿಷಯ ಇರೋದು ವೈರಿಂಗ್‌ನಲ್ಲಿ. ಗಾಡಿಗಳಲ್ಲಿ ಎರಡು ಪದ್ಧತಿ. ಒಂದರಲ್ಲಿ, ಓಡುವಾಗ ಸರ್ಕ್ಯೂಟ್ ಕೂಡಿರುತ್ತೆ, ಕಡಿದರೆ ಎಂಜಿನ್ ನಿಲ್ಲುತ್ತೆ. ಇನ್ನೊಂದರಲ್ಲಿ, ಓಡುವಾಗ ಬಿಟ್ಟಿರುತ್ತೆ, ಕೂಡಿ ಇಗ್ನಿಷನ್ ಗ್ರೌಂಡ್ ಆದಾಗ ಎಂಜಿನ್ ನಿಲ್ಲುತ್ತೆ. ನಮ್ಮದು ಯಾವುದು? ಹ್ಯಾಂಡಲ್‌ನಲ್ಲಿ ಮೊದಲೇ ಇದ್ದ ಕೆಂಪು ಬಟನ್‌ನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ವಿ. ಆನ್‌ನಲ್ಲಿ ಸುಮ್ಮನಿತ್ತು, ಆಫ್ ಒತ್ತಿದಾಗ ಬೀಪ್ ಅಂತು. ಅಂದ್ರೆ ಎರಡನೇ ಪದ್ಧತಿ. ಮ್ಯಾನ್ಯುಯಲ್‌ನ ವೈರಿಂಗ್ ಚಿತ್ರವೂ ಅದನ್ನೇ ಹೇಳ್ತು. ಮೊದಲನೇ ಪದ್ಧತಿಯ ಗಾಡಿಗೆ ಟೆದರನ್ನ ಸೀರೀಸ್‌ನಲ್ಲಿ ಹಾಕಬೇಕು, ಎರಡನೇದಕ್ಕೆ ಪ್ಯಾರಲಲ್‌ನಲ್ಲಿ. ಕೊಳ್ಳುವ ಸ್ವಿಚ್ ಕೂಡ ಆ ಪದ್ಧತಿಯದ್ದೇ ಆಗಿರಬೇಕು.

ಈಗ ಯೋಚನೆ ಮಾಡಿ. ಮೊದಲನೇ ಪದ್ಧತಿಯಲ್ಲಿ ವೈರ್ ತುಂಡಾದರೆ ಗಾಡಿ ಸ್ಟಾರ್ಟೇ ಆಗಲ್ಲ, ಅಲ್ಲೇ ಗೊತ್ತಾಗುತ್ತೆ. ನಮ್ಮ ಪದ್ಧತಿಯಲ್ಲಿ? ಗಾಡಿ ಆರಾಮಾಗಿ ಓಡುತ್ತೆ. ದಾರ ಇದೆ, ಕ್ಲಿಪ್ ಇದೆ, ಕ್ಯಾಪ್ ಇದೆ. ಕೆಲಸ ಮಾತ್ರ ಮಾಡಲ್ಲ. ಅದು ಗೊತ್ತಾಗೋದು ಬಿದ್ದ ದಿನ.

ಆಡಿಟಿಂಗ್ ಓದ್ತಿರೋ ಗೆಳೆಯರೇ, ಇದನ್ನ ಎಲ್ಲೋ ಕೇಳಿದ ಹಾಗಿದೆಯಾ? ಆಂತರಿಕ ನಿಯಂತ್ರಣ ಕಾಗದದ ಮೇಲೆ ಇರೋದು ಬೇರೆ, ನಿಜವಾಗಿ ನಡೀತಿರೋದು ಬೇರೆ. ಚೆಕ್ಕಿಗೆ ಇಬ್ಬರ ಸಹಿ ಬೇಕು ಅಂತ ನಿಯಮ ಇದೆ, ಆದರೆ ಒಬ್ಬರು ಖಾಲಿ ಚೆಕ್ ಪುಸ್ತಕಕ್ಕೆ ಮೊದಲೇ ಸಹಿ ಹಾಕಿಟ್ಟು ಊರಿಗೆ ಹೋಗ್ತಾರೆ. ಅದಕ್ಕೇ ಆಡಿಟರ್ ನಿಯಮ ಓದಿ ಸುಮ್ಮನಾಗಲ್ಲ, ಪರೀಕ್ಷೆ ಮಾಡಿ ನೋಡ್ತಾನೆ. ಪರೀಕ್ಷೆಗೆ ಅಂತ ಉರು ಹೊಡೆದಿದ್ದ ಆ ಅಧ್ಯಾಯ ನನ್ನ ತಲೆಗೆ ಹೋಗಿದ್ದು ಈ ಗ್ಯಾರೇಜಿನಲ್ಲಿ.

ಉಳಿದ ಕೆಲಸ ಬೇಗ ಹೇಳ್ತೀನಿ. ತೂತು ಕೊರೆಯುವ ಮುಂಚೆ ಹಿಂದುಗಡೆ ಪೆಟ್ರೋಲ್ ಟ್ಯಾಂಕ್, ವೈರು ಏನೂ ಇಲ್ಲ ಅಂತ ನೋಡ್ಕೊಳ್ಳಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ದಾರ ಎಲ್ಲೂ ಸಿಕ್ಕಿಕೊಳ್ಳಬಾರದು. ಎದ್ದು ನಿಂತು ಪಕ್ಕಕ್ಕೆ ವಾಲುವಷ್ಟು ಉದ್ದ ಬೇಕು, ಬಿದ್ದಾಗಲೂ ಕ್ಯಾಪ್ ಕೀಳದಷ್ಟು ಉದ್ದ ಬೇಡ. ಜೋಡಣೆಗಳಿಗೆ ನೀರು ಹೋಗದ ಹಾಗೆ ಹೀಟ್ ಶ್ರಿಂಕ್ ಹಾಕಿ. ಕ್ಲಿಪ್ಪನ್ನ ಜಾಕೆಟ್ಟಿನ ಗಟ್ಟಿ ಬಳೆಗೆ ಹಾಕಿ, ಗ್ಲೌಸಿಗೋ ಜಿಪ್ಪಿಗೋ ಬೇಡ. ಹ್ಯಾಂಡಲ್‌ಗಂತೂ ಬೇಡವೇ ಬೇಡ.

ಸ್ವಿಚ್ ಕೂಡಿಸೋಕೆ ಒಂದು ಮಧ್ಯಾಹ್ನ ಸಾಕಾಯ್ತು. ಚಿಕ್ಕಪ್ಪನನ್ನ ಒಪ್ಪಿಸೋಕೆ ಎರಡು ವಾರ.

"ನಾನೇನು ಗೂಟಕ್ಕೆ ಕಟ್ಟಿದ ಕರುನಾ ಪುಟ್ಟಿ?" ಅಂದ್ರು.

"ಕರು ಓಡಿಹೋಗಬಾರದು ಅಂತಲ್ಲ ಚಿಕ್ಕಪ್ಪ, ಗೂಟ ಓಡಿಹೋಗಬಾರದು ಅಂತ" ಅಂದೆ. ನಕ್ಕರು, ಹಾಕ್ಕೊಳ್ಳಲಿಲ್ಲ.

ಕೊನೆಗೆ ಕೆಲಸ ಆಗಿದ್ದು ಚಿಕ್ಕಮ್ಮನಿಂದ. ವಾದ ಮಾಡಲಿಲ್ಲ. "ನೀವು ಬರೋ ತನಕ ನಾನು ಊಟ ಮಾಡಲ್ಲ ಅನ್ನೋದು ನಿಮಗೆ ಗೊತ್ತು" ಅಂತ ಅಷ್ಟೇ ಹೇಳಿ ಒಳಗೆ ಹೋದ್ರು.

ಈಗ ಪ್ರತಿ ಸಲ ಹೊರಡುವ ಮುಂಚೆ ಒಂದು ಪದ್ಧತಿ ಮಾಡ್ಕೊಂಡಿದ್ದೀವಿ. ಎಂಜಿನ್ ಸ್ಟಾರ್ಟ್, ಕ್ಯಾಪ್ ಎಳಿ, ನಿಂತಿತಾ? ನಿಂತರೆ ಕ್ಯಾಪ್ ವಾಪಸ್ ಹಾಕಿ ಹೊರಡು. ನಿಲ್ಲಲಿಲ್ಲ ಅಂದ್ರೆ ಅವತ್ತು ಮೀನಿಲ್ಲ. ಐದು ಸೆಕೆಂಡಿನ ಆಡಿಟ್.

ನಿಮ್ಮೂರಲ್ಲಿ ಹಿಮ ಇಲ್ಲದಿರಬಹುದು. ಆದರೆ "ಅದು ಇದೆ ಬಿಡು" ಅಂತ ನಂಬಿ ಕೂತಿರೋ ಏನಾದರೂ ಒಂದು ಇದ್ದೇ ಇರುತ್ತೆ: ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್, ಹೆಲ್ಮೆಟ್ಟಿನ ಬಕಲ್, ಮನೆಯ ಟ್ರಿಪ್ ಸ್ವಿಚ್ ಮೇಲಿರೋ ಟೆಸ್ಟ್ ಬಟನ್. ಇವತ್ತು ಅದನ್ನ ಒಂದು ಸಲ ಎಳೆದು, ಒತ್ತಿ ನೋಡಿ.

#ಮೈನಸ್‌ಮೂವತ್ತರಡೈರಿ #ಕನ್ನಡದಲ್ಲಿ #ಬಿಕಾಂಬದುಕು