ಹಳಿಯಾಳದ ಅಂಗಳದಲ್ಲಿ ಮಗುವಿನ ಕೌದಿ

ಧಾರವಾಡದಿಂದ ಹಳಿಯಾಳಕ್ಕೆ ಬಸ್ಸಿನಲ್ಲಿ ಹೋದರೆ ಬಯಲು ಸೀಮೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಭತ್ತದ ಗದ್ದೆಗಳು, ತೇಗದ ಮರಗಳು, ಬಿದಿರ ಮೆಳೆಗಳು ಎದುರಾಗುತ್ತವೆ. ಪ್ರಿಯ ಓದುಗ ಸಹೋದರಿಯರೇ, ದಾಂಡೇಲಿಯ ಕಾಡು ನೋಡಲು ನೀವೂ ಮಕ್ಕಳೊಂದಿಗೆ ಈ ದಾರಿಯಲ್ಲಿ ಹೋಗಿರಬಹುದು. ಮುಂದಿನ ಬಾರಿ ಹೋದಾಗ ರಸ್ತೆ ಬದಿಯ ಹಳ್ಳಿಗಳಲ್ಲಿ ಬೇಲಿಯ ಮೇಲೆ ಒಣಗಲು ಹಾಕಿದ ಕೌದಿಗಳನ್ನೂ ಸ್ವಲ್ಪ ನೋಡಿ. ಕೆಂಪು, ಹಸಿರು, ಹಳದಿ, ನೀಲಿ ತುಂಡುಗಳು ಒಂದರ ಪಕ್ಕ ಒಂದು ಕುಳಿತಿರುತ್ತವೆ. ಅವು ಸಿದ್ದಿ ಮಹಿಳೆಯರ ಕೈಕೆಲಸ.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಅವರಲ್ಲಿ ಬಹಳಷ್ಟು ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟದ ಈ ಕಾಡುಗಳಲ್ಲಿ ನೆಲೆ ನಿಂತರು. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಅವರ ಮನೆಗಳಿವೆ. ಅವರಲ್ಲಿ ಹಿಂದೂಗಳೂ, ಕ್ರೈಸ್ತರೂ, ಮುಸ್ಲಿಮರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಪ್ರಾಧ್ಯಾಪಕರು ಇವರ ಕೌದಿಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ನಮ್ಮ ಮನೆಗಳಲ್ಲಿ ಹಳೆ ಬಟ್ಟೆ ಎಂದು ಮೂಲೆಗೆ ಬಿಸಾಡುವ ವಸ್ತು ಅಲ್ಲಿ ಗೋಡೆ ಏರಿತು ನೋಡಿ!

ನಾವು ಹೋದದ್ದು ಒಂದು ಮುಸ್ಲಿಮ್ ಸಿದ್ದಿ ಕುಟುಂಬದ ಮನೆಗೆ. ಸೆಗಣಿ ಸಾರಿಸಿದ ಅಂಗಳದಲ್ಲಿ ಚಾಪೆ ಹಾಸಿ ಅಜ್ಜಿಯೊಬ್ಬರು ಹೊಲಿಯುತ್ತಿದ್ದರು. ಯಂತ್ರವಿಲ್ಲ, ಚೌಕಟ್ಟಿಲ್ಲ, ಅಳತೆಪಟ್ಟಿಯೂ ಇಲ್ಲ. ಕೆಳಗೆ ಒಂದು ಹಳೆಯ ಸೀರೆ. ಅದರ ಮೂಲೆಯಿಂದ ಆರಂಭಿಸಿ ತುಂಡುಗಳ ಅಂಚನ್ನು ಒಳಗೆ ಮಡಚಿ, ಸಾಲುಸಾಲಾಗಿ ಎಳೆಹೊಲಿಗೆ ಹಾಕುತ್ತಾ ಸುತ್ತು ಬರುತ್ತಾರೆ. ಸುತ್ತು ಚಿಕ್ಕದಾಗುತ್ತಾ ಹೋಗಿ ಕೊನೆಗೆ ನಡುವಿನಲ್ಲಿ ಮುಗಿಯುತ್ತದೆ. ನಾಲ್ಕೂ ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಗಳು. ಅವುಗಳಿಗೆ ‘ಫುಲಾ’ ಅಂದರೆ ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣುತ್ತದೆ. ಉಳಿದಂತೆ ಹೊಲಿಗೆಯಲ್ಲಿ ಭೇದವಿಲ್ಲ.

“ಮಗುವಿನ ಕೌದಿಗೆ ಯಾವ ವಿನ್ಯಾಸ ಹಾಕುತ್ತೀರಿ ದಾದಿಮಾ?” ಎಂದು ಕೇಳಿದೆ.

“ಮಗುವಿಗೆ ಬಣ್ಣ ಬೇಕು ಬೇಟಿ. ದೊಡ್ಡವರದು ಹೇಗಾದರೂ ನಡೆಯುತ್ತದೆ” ಎಂದರು.

ಈ ಮಾತು ಸುಮ್ಮನೆ ಹೇಳಿದ್ದಲ್ಲ. ಹುಟ್ಟಿದ ಮಗುವಿಗೆ ಒಂದು ಗೇಣಿನಾಚೆಗಿನದು ಮಸುಕು. ಗಾಢ ಮತ್ತು ತಿಳಿ ಬಣ್ಣ ಅಕ್ಕಪಕ್ಕ ಇದ್ದರೆ ಮಾತ್ರ ಅದರ ಕಣ್ಣು ಅಲ್ಲಿ ನಿಲ್ಲುತ್ತದೆ ಎಂದು ವೈದ್ಯರು ಹೇಳುತ್ತಾರೆ. ಪೇಟೆಯಲ್ಲಿ ಸಿಗುವ ತಿಳಿ ಗುಲಾಬಿ, ತಿಳಿ ನೀಲಿಯ ಹೊದಿಕೆಗಳು ತಾಯಿಯ ಕಣ್ಣಿಗೆ ಚೆಂದ, ಅಷ್ಟೆ. ಹಾಗಾಗಿ ನೀವು ಹೊಲಿಯುವುದಾದರೆ ಕಪ್ಪು-ಬಿಳಿ ಚೌಕ, ಕೆಂಪು-ಹಳದಿ ಪಟ್ಟಿ ಇವುಗಳಿಗೆ ಹಿಂಜರಿಯಬೇಡಿ.

ಆ ಮನೆಯಲ್ಲಿ ಒಂದು ಸಮಸ್ಯೆಯೂ ಇತ್ತು. ಅಜ್ಜಿಯ ಮೊಮ್ಮಗಳು ಏಳು ತಿಂಗಳ ಗರ್ಭಿಣಿ. ಅವಳ ತಾಯಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ತಾಯಿಯ ಹಸಿರು ಸೀರೆಯನ್ನು ಮಗುವಿನ ಕೌದಿಗೆ ಹಾಕಬೇಕೆಂಬುದು ಅವಳ ಆಸೆ. ಸತ್ತವರ ಬಟ್ಟೆಯಲ್ಲಿ ಕೂಸನ್ನು ಮಲಗಿಸಬಾರದು, ಅಪಶಕುನ ಎಂದು ನೆರೆಯವರು ಹೆದರಿಸಿದ್ದರು. ನಾನು ಮದ್ರಸದಲ್ಲಿ ಕಲಿತವಳೆಂದು ತಿಳಿದು ಅವಳು ಸೀರೆಯನ್ನು ನನ್ನ ಮಡಿಲಿಗಿಟ್ಟು, “ಏನು ಮಾಡಲಿ ಆಪಾ?” ಎಂದಳು. ಅವಳ ಕಣ್ಣು ತುಂಬಿತ್ತು.

ಸಹೋದರಿಯರೇ, ಇಂತಹ ಮಾತು ನಮ್ಮ ಮನೆಗಳಲ್ಲೂ ಇದೆ. ಅಪಶಕುನಕ್ಕೆ ಇಸ್ಲಾಮಿನಲ್ಲಿ ಸ್ಥಾನವಿಲ್ಲ. ಪ್ರವಾದಿವರ್ಯರು(ಸ) ಅದನ್ನು ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಮೃತರ ಬಟ್ಟೆಯೂ ಅವರು ಬಿಟ್ಟುಹೋದ ಸೊತ್ತೇ. ಅದರಲ್ಲಿ ಎಲ್ಲ ವಾರಸುದಾರರಿಗೂ ಪಾಲಿದೆ. “ಶಕುನಕ್ಕೆ ಹೆದರಬೇಡ, ನಿನ್ನ ಅಪ್ಪನನ್ನೂ ತಮ್ಮನನ್ನೂ ಕೇಳು” ಎಂದೆ. ತಂದೆ ಅಲ್ಲೇ ಇದ್ದರು, ತಲೆಯಾಡಿಸಿದರು. ಧಾರವಾಡದಲ್ಲಿ ಕೆಲಸಕ್ಕಿದ್ದ ತಮ್ಮನಿಗೆ ಕೂಡಲೇ ಫೋನ್ ಮಾಡಿದಳು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ತಗೋ ಅಕ್ಕಾ. ಸೆರಗು ಮಾತ್ರ ಕತ್ತರಿಸಬೇಡ, ನನಗಿರಲಿ” ಎಂದ. ಅಜ್ಜಿ ಸೆರಗನ್ನು ಹರಿದು ಬೇರೆಯಾಗಿ ಮಡಚಿಟ್ಟರು. ಉಳಿದ ಹಸಿರಿನಿಂದ ಮೊದಲು ನಾಲ್ಕು ಹೂವುಗಳಿಗೆ ಬೇಕಾದಷ್ಟನ್ನು ತೆಗೆದಿಟ್ಟರು.

ವಿನ್ಯಾಸದ ಬಗ್ಗೆ ನನ್ನನ್ನು ಹೆಚ್ಚಾಗಿ ಕೇಳುವುದು ಕರಡಿ, ಮೊಲಗಳ ಚಿತ್ರದ ಕುರಿತು. ಹಝ್ರತ್ ಆಇಶಾರ(ರ) ಮನೆಯಲ್ಲಿ ಚಿತ್ರವಿದ್ದ ಪರದೆಯೊಂದನ್ನು ಪ್ರವಾದಿವರ್ಯರು(ಸ) ಇಷ್ಟಪಡಲಿಲ್ಲ. ಆಗ ಅದನ್ನು ಕತ್ತರಿಸಿ ದಿಂಬು ಮಾಡಲಾಯಿತು ಎಂದು ಹದೀಸ್‌ಗಳಲ್ಲಿದೆ. ಇದರ ಆಧಾರದಲ್ಲಿ, ಕೆಳಗೆ ಹಾಸುವ ಬಟ್ಟೆಯ ಚಿತ್ರಕ್ಕೆ ಹಲವು ವಿದ್ವಾಂಸರು ರಿಯಾಯಿತಿ ನೀಡಿದ್ದಾರೆ. ನನ್ನ ಮಟ್ಟಿಗೆ ಹೂವು, ಎಲೆ, ಚೌಕ, ನಕ್ಷತ್ರ ಇರುವಾಗ ಕರಡಿಯ ಗೊಡವೆ ಏಕೆ? ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಪ್ರೀತಿಯಿಂದ ಕೆಲವರು ಕೌದಿಯ ಮೇಲೆ ‘ಮಾಶಾ ಅಲ್ಲಾಹ್’ ಎಂದು ಕಸೂತಿ ಹಾಕುತ್ತಾರೆ. ಮಗು ಮೂತ್ರ ಮಾಡುವ ಬಟ್ಟೆಯದು! ಅಲ್ಲಾಹನ ನಾಮ ಅಲ್ಲಿ ಬೇಡ. ಅದು ನಾಲಗೆಯಲ್ಲಿರಲಿ.

ಬಟ್ಟೆಯ ಆಯ್ಕೆಯಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ನೂರು ಸಲ ಒಗೆದ ಹತ್ತಿಯ ಸೀರೆ, ಲುಂಗಿ, ದುಪಟ್ಟಾ ಮಾತ್ರ. ನೈಲಾನ್ ನೀರು ಹೀರುವುದಿಲ್ಲ, ಜರಿ ಚುಚ್ಚುತ್ತದೆ. ಮಣಿ, ಮಿಣುಕು, ಗುಂಡಿ ಕಿತ್ತು ಬಂದರೆ ಮಗುವಿನ ಬಾಯಿಗೇ ಹೋಗುತ್ತವೆ. ಹೊಲಿಗೆಯ ಸಾಲುಗಳು ಒತ್ತೊತ್ತಾಗಿದ್ದರೆ ಬೆರಳು ಸಿಕ್ಕುವುದಿಲ್ಲ, ಪದರ ಮುದುಡುವುದಿಲ್ಲ. ಎರಡೋ ಮೂರೋ ಪದರ ಸಾಕು. ಇದನ್ನು ಅವರು ಮಗುವಿನ ಕೆಳಗೆ ಹಾಸುತ್ತಾರೆಯೇ ಹೊರತು ಮೇಲೆ ಹೊದಿಸುವುದಿಲ್ಲ. ನೀವೂ ಹಾಗೇ ಮಾಡಿ. ಒಂದು ವರ್ಷ ತುಂಬದ ಮಗು ಮಲಗಿರುವಾಗ ಸಡಿಲ ಹೊದಿಕೆ ಮುಖದ ಮೇಲೆ ಸರಿದರೆ ಉಸಿರು ಕಟ್ಟುವ ಅಪಾಯವಿದೆ. ಹಾಸಿದ ಕೌದಿಯೂ ಸುಕ್ಕಿಲ್ಲದೆ ಬಿಗಿಯಾಗಿರಲಿ.

ಅಲ್ಲಿಂದ ಕೌದಿ ಮಾಡಿಸಿಕೊಳ್ಳುವುದಾದರೆ ನಿಮ್ಮ ಮನೆಯ ಹಳೆ ಬಟ್ಟೆಯನ್ನೇ ಒಗೆದು ಕೊಂಡೊಯ್ಯಿರಿ. ಅಜ್ಜನ ಲುಂಗಿ, ನಿಮ್ಮ ಕಾಲೇಜು ದಿನಗಳ ದುಪಟ್ಟಾ ಯಾವುದಾದರೂ ಸರಿ. ಬಟ್ಟೆ ಹಳೆಯದೆಂದು ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಬಣ್ಣ ಎಲ್ಲಿ ಕೂರಬೇಕೆಂಬುದನ್ನು ಹೊಲಿಯುವವರಿಗೇ ಬಿಡಿ. ಕೆಂಪು ತುಂಡು ಬಣ್ಣ ಬಿಡುತ್ತದೆಯೇ ಎಂದು ಮೊದಲೇ ಬಿಳಿ ಬಟ್ಟೆಯಿಂದ ಒದ್ದೆ ಮಾಡಿ ಒರೆಸಿ ನೋಡಿ. ಮನೆಗೆ ತಂದ ಮೇಲೆ ಒಮ್ಮೆ ಬಿಸಿನೀರಲ್ಲಿ ಒಗೆದು ಒಳ್ಳೆಯ ಬಿಸಿಲಿನಲ್ಲಿ ಎರಡೂ ಬದಿ ಒಣಗಿಸಿ.