ಅಪ್ಪಯ್ಯನ ಲ್ಯಾಪ್‌ಟಾಪ್ ಮತ್ತು ಬಚ್ಚಲೊಲೆ

ಜುಲೈ ತಿಂಗಳಲ್ಲಿ ಊರಿಂದ ಫೋನ್ ಬಂತು ಅಂದ್ರೆ ಮರ ಬಿದ್ದಿರಬೇಕು, ಇಲ್ಲಾ ಅಡಿಕೆಗೆ ಕೊಳೆ ಬಂದಿರಬೇಕು. ಹೋದ ವರ್ಷ ಮಾತ್ರ ಅಪ್ಪಯ್ಯ, "ಲ್ಯಾಪ್‌ಟಾಪ್ ಏಳ್ತಾನೇ ಇಲ್ಲ ಮಾರಾಯ" ಅಂದರು.

ಅದು 2013ರಲ್ಲಿ ನನ್ನ ಮೊದಲ ಕೆಲಸದ ದುಡ್ಡಲ್ಲಿ ಕೊಂಡಿದ್ದು. ನಾನು ಹೊಸದು ತಗೊಂಡ ಮೇಲೆ ಅದು ಕೊಪ್ಪದ ಹತ್ತಿರದ ನಮ್ಮನೆ ಸೇರಿತು. ಅಪ್ಪಯ್ಯ ಅದರಲ್ಲಿ ಊರ ದೇವಸ್ಥಾನದ ಲೆಕ್ಕ ಬರೀತಾರೆ. ಏಳು ವರ್ಷದ ಲೆಕ್ಕ, ಇರೋದು ಅದೊಂದರಲ್ಲೇ. ಬೆಂಗಳೂರಲ್ಲಿ ನನ್ನ ಕೆಲಸವೇ ಕಂಪನಿಗಳ ಡೇಟಾ ಬ್ಯಾಕಪ್ ನೋಡಿಕೊಳ್ಳೋದು. ನಗಬೇಡಿ.

ಶನಿವಾರ ಊರಿಗೆ ಹೋದೆ. ಲ್ಯಾಪ್‌ಟಾಪ್ ಟವೆಲ್ ಸುತ್ತಿಕೊಂಡು ಬಚ್ಚಲೊಲೆಯ ಪಕ್ಕದ ಕಟ್ಟೆ ಮೇಲೆ ಕೂತಿತ್ತು. "ಬೆಚ್ಚಗಾದ್ರೆ ಆನ್ ಆಗ್ತದೆ." ಹೌದು, ಆಯ್ತು. ಇಪ್ಪತ್ತು ನಿಮಿಷ ನಡೆದು ಮತ್ತೆ ಹೋಯ್ತು.

"ಇದನ್ನ ಅಂಗಡೀಲಿ ಹೇಳ್ಬೇಡಿ, ಮರ್ಯಾದೆ ಹೋಗ್ತದೆ" ಅಂತ ಬೈದೆ.

ಕೊಪ್ಪದ ಅಂಗಡಿಯವನು ಸ್ವಿಚ್ ಒತ್ತಿದ. ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಂತಿತು. "ಮದರ್‌ಬೋರ್ಡ್ ಹೋಗಿದೆ. ಈ ಮಾಡೆಲ್ಲಿಗೆ ಬೋರ್ಡ್ ಬರಲ್ಲ, ಹೊಸದು ತಗೊಳ್ಳಿ." ಒಂದು ಉಪಕಾರ ಮಾಡಿದ. ಹಾರ್ಡ್ ಡಿಸ್ಕ್ ತೆಗೆದು ಯುಎಸ್‌ಬಿ ಕೇಸಿಗೆ ಹಾಕಿಕೊಟ್ಟ. ಲೆಕ್ಕ ಹಾಗೇ ಇತ್ತು. ನನಗೂ ಹೊಸದೇ ಸರಿ ಅನ್ನಿಸಿತು. ಅಪ್ಪಯ್ಯ ಮಾತ್ರ, "ಸ್ಟಾರ್ಟರ್ ಹೋದ್ರೆ ಬಾವಿ ಮುಚ್ತಾರಾ?" ಅಂದರು.

ಮರುದಿನ ನೆಂಟರ ಮನೆಗೆ ಅಂತ ಶೃಂಗೇರಿಗೆ ಹೋದಾಗ ಅಲ್ಲೂ ತೋರಿಸಿದೆವು. "ಬಿಸಿ ಗಾಳಿ ಹೊಡೀತೀನಿ, 1,500 ರೂಪಾಯಿ, ಗ್ಯಾರಂಟಿ ಇಲ್ಲ." ಈ ಆಟ ನನಗೆ ಗೊತ್ತು. ದೊಡ್ಡ ಚಿಪ್‌ಗಳ ಅಡಿಯಲ್ಲಿ ಬೆಸುಗೆಯ ಸಣ್ಣ ಸಣ್ಣ ಗುಂಡುಗಳಿರುತ್ತವೆ. ಕಾಯಿಸಿದರೆ ಬಿಟ್ಟುಹೋದದ್ದು ಕೆಲವು ವಾರ ಅಂಟಿಕೊಂಡೀತು, ಅಷ್ಟೆ. ಸರಿಯಾಗಿ ಮಾಡೋದಾದರೆ ಚಿಪ್ ಎಬ್ಬಿಸಿ ಹೊಸ ಗುಂಡು ಕೂರಿಸಬೇಕು. ಅದಕ್ಕೆ ರೀಬಾಲಿಂಗ್ ಅಂತಾರೆ, ಬೇರೆ ಮೆಷಿನ್ನೇ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಬೋರ್ಡ್ ಹುಡುಕಬಹುದು. ಆದರೆ ಅದೂ ಯಾರೋ ಬಳಸಿ ಬಿಟ್ಟ ಬೋರ್ಡೇ.

ಕೊನೆಗೆ ಯಾರೋ ಹೇಳಿದರು ಅಂತ ಎನ್.ಆರ್. ಪುರಕ್ಕೆ ಹೋದೆವು. ಚಿಕ್ಕ ಕೋಣೆ, ಒಂದು ಮೈಕ್ರೋಸ್ಕೋಪ್, ಒಂದು ಮಲ್ಟಿಮೀಟರ್. ಹುಡುಗ ನನ್ನ ಕಡೆ ನೋಡಲೇ ಇಲ್ಲ. "ಗೌಡ್ರೇ, ಯಾವಾಗ ಆನ್ ಆಗ್ತದೆ, ಯಾವಾಗ ಆಗಲ್ಲ?"

ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ.

"ಒಲೆ ಹತ್ರ ಇಟ್ರೆ ಆಗ್ತದೆ."

ಹುಡುಗ ನಗಲಿಲ್ಲ. "ಹಂಗಾದ್ರೆ ತಂಡಿ ಹಿಡಿದಿದೆ."

ಬಿಚ್ಚಿ ತೋರಿಸಿದ. ಚಾರ್ಜರ್ ಪಿನ್ನಿನ ಹತ್ತಿರ ಬೋರ್ಡಿನ ಮೇಲೆ ಹಸಿರು ಕಿಲುಬು. ಮಲೆನಾಡಿನ ಮಳೆಗಾಲ, ಮೇಲಿಂದ ಧೂಳು. ಒದ್ದೆಯಾದಾಗ ಕರೆಂಟ್ ಒಂದು ಗೆರೆಯಿಂದ ಇನ್ನೊಂದಕ್ಕೆ ಸೋರುತ್ತೆ, ಬೋರ್ಡ್ ತನ್ನನ್ನು ಉಳಿಸಿಕೊಳ್ಳೋಕೆ ಆಫ್ ಆಗುತ್ತೆ. ಒಲೆ ಅದನ್ನು ಒಣಗಿಸುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಎರಡು ಕೆಪಾಸಿಟರ್, ಒಂದು ಮಾಸ್‌ಫೆಟ್ ಬದಲಿಸಿದ. ನಾಲ್ಕು ದಿನ, 1,800 ರೂಪಾಯಿ. "ಪ್ರೊಸೆಸರ್ ಹೋಗಿದ್ರೆ ನಾನೇ ಬೇಡ ಅಂತಿದ್ದೆ" ಅಂದ.

ಈಗ ಯಾರಾದರೂ ಕೇಳಿದರೆ ಹೇಳ್ತೀನಿ. ಮೊದಲು ಡಿಸ್ಕ್ ಉಳಿಸಿಕೊಳ್ಳಿ. ಬೋರ್ಡಿನಲ್ಲಿ ಯಾವ ಭಾಗ ಹೋಗಿದೆ ಅಂತ ಕೇಳಿ. ಉತ್ತರ ಬರದಿದ್ದರೆ ಇನ್ನೊಂದು ಅಂಗಡಿ ನೋಡಿ. ಖರ್ಚು ಒಳ್ಳೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಅರ್ಧ ದಾಟಿದರೆ ಕೈಬಿಡಿ. ಒಲೆ ವಿಷಯ ಮುಚ್ಚಿಡಬೇಡಿ.

ಆಫೀಸಿನಲ್ಲಿ ಸರ್ವರ್ ಬಿದ್ದಾಗ "ಯಾವಾಗ ಬಿತ್ತು, ಅದಕ್ಕೂ ಮುಂಚೆ ಏನಾಯ್ತು?" ಅಂತ ಎಲ್ಲರನ್ನೂ ಕೇಳೋನು ನಾನೇ. ಮನೆಯಲ್ಲಿ ಉತ್ತರ ಗೊತ್ತಿದ್ದವರ ಬಾಯಿ ಮುಚ್ಚಿಸಿದ್ದೂ ನಾನೇ.

ಲ್ಯಾಪ್‌ಟಾಪ್ ಈಗ ಮಳೆಗಾಲದಲ್ಲಿ ಹಪ್ಪಳದ ಡಬ್ಬಿ ಪಕ್ಕ, ಗಟ್ಟಿ ಮುಚ್ಚಳದ ಇನ್ನೊಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮಲಗುತ್ತೆ. ಪ್ರತಿ ಭಾನುವಾರ ರಾತ್ರಿ ಲೆಕ್ಕದ ಒಂದು ಕಾಪಿ ನನ್ನ ಮೇಲ್‌ಗೆ ಬರುತ್ತೆ. ಬರದಿದ್ದರೆ ಸೋಮವಾರ ಬೆಳಿಗ್ಗೆ ನಾನೇ ಫೋನ್ ಮಾಡ್ತೀನಿ.